ಬೋರ್ಗಿಲ್ಡ್ ಅತ್ತಿಗೆ ಹಾರಲಿಲ್ಲ

ಚಳಿ ದೇಶದ ನಮ್ಮ ಕರಾವಳಿಯ ಕಡೆ ಭಾನುವಾರ ಬಿಸಿಲು ಬಿದ್ದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಸಿಗಡಿ, ಬ್ರೆಡ್ಡು, ಕಾಫಿ ಫ್ಲಾಸ್ಕು ತುಂಬಿಕೊಂಡು ಎಲ್ಲರೂ ದೋಣಿ ಹತ್ತುತ್ತಾರೆ. ನಮ್ಮ ಮನೆಯವರು ಹೋಗುವ ನಡುಗಡ್ಡೆಯಲ್ಲಿ ದೋಣಿ ನಿಲ್ಲಿಸುವ ಕಟ್ಟೆ ಇಲ್ಲ, ಬರೀ ಬೋಳು ಬಂಡೆ. ದೋಣಿಯ ಮೂತಿಯನ್ನು ಬಂಡೆಗೆ ತಾಗಿಸಬೇಕು, ಒಬ್ಬರು ಹಗ್ಗ ಹಿಡಿದು ಹಾರಬೇಕು. ನಲವತ್ತೊಂದು ವರ್ಷ ಹಾರಿದವಳು ನನ್ನ ಅತ್ತಿಗೆ ಬೋರ್ಗಿಲ್ಡ್. ಚುಕ್ಕಾಣಿ ಹಿಡಿದು ಕೂಗಿದವನು ನನ್ನ ಅಣ್ಣ ಟೋರ್ಲೈಫ್.

"ಈಗ! ಈಗಲ್ಲ! ಹಗ್ಗ, ಹಗ್ಗ!"

ನೆಲದ ಮೇಲೆ ಬೆಕ್ಕನ್ನೂ ಗದರದ ಮನುಷ್ಯ. ದೋಣಿ ಹತ್ತಿದರೆ ಮೈಮೇಲೆ ಏನು ಬರುತ್ತಿತ್ತೋ. ಅತ್ತಿಗೆ ತುಟಿ ಬಿಚ್ಚುತ್ತಿರಲಿಲ್ಲ. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ನಡುವೆ ದುಡಿದವಳು. ಗದ್ದಲ ಅವಳಿಗೆ ಹೊಸದಲ್ಲ. ನನಗೆ ಮಾತ್ರ ಪ್ರತಿ ಸಲವೂ ಅಣ್ಣನನ್ನು ನೀರಿಗೆ ತಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಈ ವಸಂತದಲ್ಲಿ ಹಳೆಯ ಮರದ ದೋಣಿಯ ತಳ ಕೊಳೆತುಹೋಯಿತು. ದೋಣಿ ಮಾರುವ ಐವಿಂದ್ ಎರಡು ತೋರಿಸಿದ. ಒಂದಕ್ಕೆ ಗಾಜಿನ ಕೋಣೆ, ಹೀಟರ್, ಮಲಗಲು ಜಾಗ. ಮೂತಿಗೆ ಹೋಗಬೇಕೆಂದರೆ ಹೊರಗಿನ ಗೇಣಗಲದ ಅಂಚಿನ ಮೇಲೆ ನಡೆಯಬೇಕು. ಇನ್ನೊಂದು ತೆರೆದ ದೋಣಿ, ಸೀಟುಗಳ ನಡುವೆ ಮೂತಿಯವರೆಗೂ ದಾರಿ. ಅಣ್ಣ ಹೀಟರ್‌ಗೆ ಮನಸೋತ.

ಅತ್ತಿಗೆಯ ಮಂಡಿಗೆ ಚಳಿಗಾಲದಲ್ಲಿ ಆಪರೇಷನ್ ಆಗಿತ್ತು. ಇನ್ನು ಮೇಲೆ ಹಾರಕೂಡದು ಎಂದು ಡಾಕ್ಟರು ಹೇಳಿದ್ದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು.

"ಅವನಿಗೆ ಹೇಳ್ಬೇಡ. ದೋಣಿನೇ ಬೇಡ ಅಂತಾನೆ. ಆ ಬಂಡೆಗೆ ಹೋಗ್ದಿದ್ರೆ ನಂಗೆ ಬೇಸಿಗೆ ಬಂದ ಹಾಗೇ ಇರಲ್ಲ ಕಣೇ."

ದೋಣಿ ಓಡಿಸಿ ನೋಡಲೆಂದು ಐವಿಂದ್ ತನ್ನ ಕಟ್ಟೆಯ ಸುತ್ತ ಒಂದು ಸುತ್ತು ಹಾಕಿಸಿ ಮುಗಿಸುವವನಿದ್ದ. ಅತ್ತಿಗೆ ಬಿಡಲಿಲ್ಲ.

"ನಮ್ಮ ಬಂಡೆಗೆ ಹೋಗೋಣ."

"ಅಮ್ಮಾ, ಹೊಸ ದೋಣಿ. ಗೀರು ಬೀಳುತ್ತೆ!"

"ಬೀಳ್ಲಿ ಬಿಡಪ್ಪ. ನಾವೇನು ನಿನ್ನ ಕಟ್ಟೇಲಿ ಕೂತು ಸಿಗಡಿ ತಿಂತೀವಾ?"

ಮೊದಲು ಗಾಜಿನ ದೋಣಿಯಲ್ಲಿ ಹೋದೆವು. ಬಂಡೆ ಹತ್ತಿರ ಬಂದಾಗ ಅತ್ತಿಗೆ ಹಗ್ಗ ಹಿಡಿದು ಅಂಚಿನ ಮೇಲೆ ಎರಡು ಹೆಜ್ಜೆ ಇಟ್ಟಳು. ಮಂಡಿ ಕೈಕೊಟ್ಟಿತು, ಅಲ್ಲೇ ಕುಳಿತುಬಿಟ್ಟಳು. ಗಾಜಿನ ಒಳಗೆ ಅಣ್ಣನ ಬಾಯಿ ಆಡುತ್ತಿತ್ತು, ಹೊರಗೆ ಏನೂ ಕೇಳಿಸುತ್ತಿರಲಿಲ್ಲ. ಅವನು ಬಾಗಿಲು ತೆಗೆದ.

"ಹಾರು ಅಂದ್ರೆ ಕೂತಿದೀಯಲ್ಲ!"

"ಹಾರಲ್ಲ ಟೋರ್ಲೈಫ್. ಇನ್ನು ಆಗಲ್ಲ. ಡಾಕ್ಟ್ರು ಬೇಡ ಅಂದಿದಾರೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ದೋಣಿನೇ ಬೇಡ ಅಂತಿದ್ದೆ. ಅಲ್ವಾ?"

ಅಣ್ಣ ದೋಣಿಯನ್ನು ಹಿಂದಕ್ಕೆ ತಿರುಗಿಸಿದ. ಕಟ್ಟೆಗೆ ಮರಳುವವರೆಗೂ ಎಲ್ಲರೂ ಗಾಜಿನ ಕೋಣೆಯಲ್ಲೇ ಕೂತಿದ್ದೆವು. ಹೀಟರ್ ಮಾತ್ರ ಚೆನ್ನಾಗಿ ಉರಿಯುತ್ತಿತ್ತು.

ತೆರೆದ ದೋಣಿ ಹತ್ತಿದಾಗ ಅಣ್ಣ ನೇರವಾಗಿ ಮೂತಿಗೆ ಹೋಗಿ ಹಗ್ಗ ಕೈಗೆತ್ತಿಕೊಂಡ. "ಹಿಡೀತೀಯಾ?" ಎಂದು ಚುಕ್ಕಾಣಿ ತೋರಿಸಿದ. ಅತ್ತಿಗೆ ಅದನ್ನು ಮುಟ್ಟಿದ್ದು ಅದೇ ಮೊದಲು. ಐವಿಂದ್ ಪಕ್ಕದಲ್ಲೇ ನಿಂತು ಗೇರು, ವೇಗ ತೋರಿಸಿಕೊಟ್ಟ. ಬಂಡೆ ಹತ್ತಿರವಾದಂತೆ ಅವನ ಮುಖ ಬಿಳಿಚಿಕೊಂಡಿತು. ಆದರೆ ಆ ಬಂಡೆಯ ಒಂದೊಂದು ಇಂಚೂ ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಮೂತಿಯಲ್ಲಿ ನಿಂತು ನೋಡಿದವಳು ಅವಳೇ ತಾನೆ.

"ಇನ್ನೊಂಚೂರು ತಾಳು," ಎಂದಳು, ಮೆಲ್ಲಗೆ. "ಎಡಗಡೆ ಪಾಚಿ ಇದೆ, ಬಲಗಾಲಿಡು. ಹೂಂ, ಈಗ."

ದೋಣಿ ಬಂಡೆಗೆ ತಾಗಿದ್ದೇ ತಿಳಿಯಲಿಲ್ಲ. ಅಣ್ಣ ಒಂದು ಹೆಜ್ಜೆ ಇಟ್ಟು ಇಳಿದ. ಹಗ್ಗ ಹಿಡಿದು ಅತ್ತ ಇತ್ತ ನೋಡಿದ.

"ಹಗ್ಗ ಕಟ್ಟೋ ಬಳೆ ಎಲ್ಲಿದೆ?"

"ನಿನ್ನ ಹಿಂದೆ, ಆ ಬಿರುಕಿನ ಹತ್ರ."

ತುಕ್ಕು ಹಿಡಿದ ಆ ಕಬ್ಬಿಣದ ಬಳೆಯನ್ನು ಅಣ್ಣ ತುಂಬ ಹೊತ್ತು ನೋಡಿದ. ಆಮೇಲೆ ಬಗ್ಗಿ ಹಗ್ಗ ಕಟ್ಟಿದ.

"ಬೋರ್ಗಿಲ್ಡ್, ನಾನು ಪ್ರತಿ ಸಲ ಕೂಗ್ತಿದ್ನಾ?"

"ಹೂಂ. ಗಂಟು ಬಿಗಿಯಾಗಿ ಹಾಕು," ಎಂದಳು ಅತ್ತಿಗೆ.