ಬೇಸ್‌ಮೆಂಟಿನ ಒಲೆಗೆ ಕಟ್ಟಿದ ಬೆಲೆ

ನಮ್ಮಪ್ಪ ಮೈಸೂರಿನಲ್ಲಿ ಮನೆ ಕಂದಾಯದ ಗುಮಾಸ್ತರಾಗಿದ್ದರು. ಸಂಬಳ ಕಮ್ಮಿ, ಕತೆ ಜಾಸ್ತಿ. ಕಚೇರಿಗೆ ಬರುವ ಮೂಗರ್ಜಿಗಳ ವಿಷಯವನ್ನು ಊಟಕ್ಕೆ ಕೂತಾಗ ಹೇಳುವುದು ಅವರ ಅಭ್ಯಾಸ. ಇಂಥ ಬೀದಿಯ ಇಂಥವರು ಹಿತ್ತಲಿನಲ್ಲಿ ಎರಡು ಕೋಣೆ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಾರೆ, ಲೆಕ್ಕಕ್ಕೆ ತೋರಿಸಿಲ್ಲ, ತಾವು ಬಂದು ಪರಿಶೀಲಿಸಬೇಕು ಎಂದು ಪಕ್ಕದ ಮನೆಯವರೇ ಹೆಸರು ಹಾಕದೆ ಬರೆದಿರುತ್ತಿದ್ದರು. ಅಕ್ಷರ ನೋಡಿಯೇ ಯಾರು ಬರೆದದ್ದೆಂದು ಅಪ್ಪನಿಗೆ ಗೊತ್ತಾಗಿಬಿಡುತ್ತಿತ್ತು. "ಇಂಥೋನು ಬಾಗಿಲಿಗೆ ಬಂದ್ರೆ ಒಂದು ಲೋಟ ನೀರೂ ಕೊಡಬಾರದು," ಅನ್ನುತ್ತಿದ್ದರು. ಮಾರನೆಯ ದಿನ ಕಚೇರಿಗೆ ಹೋಗಿ ಅದೇ ಅರ್ಜಿಗೆ ನಂಬರು ಹಾಕುತ್ತಿದ್ದರು. ನೌಕರಿ ಅಂದಮೇಲೆ ಮಾಡಬೇಕಲ್ಲ.

ಇಷ್ಟನ್ನು ಕೇಳಿಕೊಂಡು ಬೆಳೆದವಳು ನಾನು. ಮುಂದೆ ಹೇಳುವ ವಿಷಯದಲ್ಲಿ "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತನ್ನು ನಾನು ಬಹಳ ಜನರ ಹತ್ತಿರ ಆಡಿದ್ದೇನೆ. ಇಲ್ಲಿ ಆಡುವುದಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಒಂದು ಟೌನ್‌ಹೌಸ್ ಕೊಂಡೆವು. ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಮನೆಗಳು. ನಮ್ಮೂರಿನ ವಠಾರಕ್ಕೇ ಮೂರು ಅಂತಸ್ತು ಎಬ್ಬಿಸಿ ಕಾರ್ಪೆಟ್ ಹಾಸಿದ ಹಾಗೆ. ಗಂಡನಿಗೆ ಡಲಸ್ ಏರ್‌ಪೋರ್ಟಿನ ಹತ್ತಿರ ಸಾಫ್ಟ್‌ವೇರ್ ಕೆಲಸ. ನನಗೆ ಬಿ.ಕಾಂ. ಫಸ್ಟ್ ಕ್ಲಾಸ್, ಜೊತೆಗೆ ಕೆಲಸ ಮಾಡಬಾರದೆಂಬ ವೀಸಾ. ಬೆಳಿಗ್ಗೆ ಅವರು ಹೋದಮೇಲೆ ಸಂಜೆಯವರೆಗೆ ನಾನು ಮೂರು ಅಂತಸ್ತನ್ನೂ ಗುಡಿಸಿ, ಗುಡಿಸಿದ್ದನ್ನೇ ಮತ್ತೆ ಗುಡಿಸಿ ಕಾಲ ಕಳೆಯುತ್ತಿದ್ದೆ. ಮನೆಯ ಪತ್ರದಲ್ಲಿ ಮಾತ್ರ ಇಬ್ಬರ ಹೆಸರೂ ಇತ್ತು. ಆ ದೇಶದಲ್ಲಿ ನನ್ನ ಹೆಸರಿಗೆ ಒಂದಿಷ್ಟು ತೂಕವಿದ್ದ ಕಾಗದ ಅದೊಂದೇ.

ಅದೇ ಸಾಲಿನಲ್ಲಿ, ನಾಲ್ಕು ಬಾಗಿಲು ಆಚೆ, ಅಂಕಲ್ ಮತ್ತು ಆಂಟಿ ಇದ್ದರು. ಬೆಂಗಳೂರಿನವರು, ನಮಗಿಂತ ಹದಿನೈದು ವರ್ಷ ದೊಡ್ಡವರು. ನಾವು ಬಂದಿಳಿದಾಗ ಏರ್‌ಪೋರ್ಟಿನಿಂದ ಕರೆದುಕೊಂಡು ಹೋಗಿ ಮೂರು ವಾರ ಮನೆಯಲ್ಲಿಟ್ಟುಕೊಂಡವರು ಅವರೇ. ಭಾನುವಾರಗಳಲ್ಲಿ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದು ಆಂಟಿ. ಈ ಸಾಲಿನಲ್ಲಿ ಒಂದು ಮನೆ ಮಾರಾಟಕ್ಕಿದೆ, ಬಿಡಬೇಡಿ ಅಂತ ಫೋನ್ ಮಾಡಿ ಹೇಳಿದ್ದೂ ಆಂಟಿಯೇ. ಎರಡು ಮನೆಯದೂ ಒಂದೇ ಅಚ್ಚು. ಅವರ ಬಚ್ಚಲು ಯಾವ ಕಡೆಗೋ ನಮ್ಮದೂ ಅದೇ ಕಡೆಗೆ.

ಆ ಮನೆಯ ಬೇಸ್‌ಮೆಂಟಿನಲ್ಲಿ ಅಂಕಲ್ ಅವರ ತಾಯಿ ಇದ್ದರು. ನಾನು ಅಜ್ಜಿ ಅನ್ನುತ್ತಿದ್ದೆ. ಕಡು ಮಡಿಯ ಹೆಂಗಸು. ಮೇಲಿನ ಅಡುಗೆಮನೆಯಲ್ಲಿ ಮೊಮ್ಮಕ್ಕಳಿಗೆ ಮೊಟ್ಟೆ ಬೇಯುತ್ತದೆ ಎಂದು ತಿಳಿದ ದಿನದಿಂದ ಅಲ್ಲಿ ಬೆಂದದ್ದನ್ನು ಮುಟ್ಟಲಿಲ್ಲವಂತೆ. ಜಗಳ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಸುಮ್ಮನೆ ಹಾಲು, ಬಾಳೆಹಣ್ಣು, ನೆನೆಸಿದ ಅವಲಕ್ಕಿಯಲ್ಲಿ ಒಂದು ತಿಂಗಳು ಕಳೆದರು. ಇಷ್ಟಿಷ್ಟೇ ಇಳಿದುಹೋಗುತ್ತಿದ್ದ ತಾಯಿಯನ್ನು ನೋಡಲಾಗದೆ ಅಂಕಲ್ ಬೇಸ್‌ಮೆಂಟಿಗೆ ಗೋಡೆ ಹಾಕಿಸಿ ಕೋಣೆ, ಬಚ್ಚಲು ಮಾಡಿಸಿ, ಒಂದು ಸಿಂಕು, ಒಂದು ಕರೆಂಟ್ ಒಲೆ ಕೂಡಿಸಿಕೊಟ್ಟರು. ಯಾರ ಪರ್ಮಿಟ್ಟೂ ತೆಗೆದುಕೊಳ್ಳಲಿಲ್ಲ. ಸ್ವಂತ ಮನೆಯಲ್ಲಿ ಹೆತ್ತ ತಾಯಿಗೆ ಒಂದು ಒಲೆ ಇಡಲು ಯಾರನ್ನು ಕೇಳಬೇಕು ಅಂತ ಅವರ ಲೆಕ್ಕ.

ಮಧ್ಯಾಹ್ನದ ಹೊತ್ತು ನಾನು ಅಲ್ಲಿಗೆ ಹೋಗುತ್ತಿದ್ದೆ. ಅಜ್ಜಿ ಮಡಿಯಲ್ಲಿ ಅಡುಗೆ ಮಾಡುವಾಗ ನಾನು ಮೆಟ್ಟಿಲಿನ ಕೊನೆಯಲ್ಲಿ, ತಗುಲದ ಹಾಗೆ ಕೂತುಕೊಳ್ಳಬೇಕು. ಅಪ್ಪನ ಕತೆಗಳನ್ನೆಲ್ಲ ಅವರಿಗೆ ಹೇಳುತ್ತಿದ್ದೆ. ಅವರ ಊಟ ಮುಗಿದಮೇಲೆ ಮಿಕ್ಕ ಹುಳಿ ಅನ್ನ ನನಗೆ. ಆ ಕಾಲದಲ್ಲಿ ಅಮೆರಿಕದಲ್ಲಿ ನನಗೆ ನಿಜವಾಗಿ ಹೊಟ್ಟೆ ತುಂಬುತ್ತಿದ್ದದ್ದು ಅಲ್ಲಿ ಮಾತ್ರ. ಅಟ್ಲಾಂಟಾದಲ್ಲಿ ಅವರಿಗೊಬ್ಬ ಮಗಳಿದ್ದಳು. ನೀವು ಅಲ್ಲಿ ಯಾಕೆ ಇರಲ್ಲ ಅಂತ ಒಮ್ಮೆ ಕೇಳಿದೆ. "ಅಲ್ಲಿ ಮೊಟ್ಟೆಗಿಟ್ಟೆ ಇಲ್ಲ, ಆದ್ರೂ ಅಳಿಯನ ಮನೆ ಕಣೆ. ಹಬ್ಬಕ್ಕೆ ನಾಲ್ಕು ದಿನ ಹೋಗಬಹುದು. ಅಲ್ಲೇ ಬಿದ್ದಿರೋದಾದ್ರೆ ನಂಗೆ ತಲೆ ಎತ್ತಿ ನೀರು ಕುಡಿಯೋಕಾಗಲ್ಲ," ಅಂದರು.

ಮನೆ ಕೊಂಡ ಎರಡನೆಯ ವರ್ಷ, ಚಳಿ ಇನ್ನೂ ಬಿಟ್ಟಿರಲಿಲ್ಲ, ಕೌಂಟಿಯಿಂದ, ಅಂದರೆ ಅಲ್ಲಿನ ಜಿಲ್ಲಾ ಆಡಳಿತದಿಂದ, ಒಂದು ಲಕೋಟೆ ಬಂತು. ನಿಮ್ಮ ಮನೆಯ ಬೆಲೆಯನ್ನು ಈ ವರ್ಷ ಇಷ್ಟಕ್ಕೆ ಏರಿಸಿದ್ದೇವೆ ಅಂತ. ನನ್ನ ಗಂಡ ಒಂದು ಸಲ ನೋಡಿ ಮೇಜಿನ ಮೇಲೆ ಹಾಕಿದರು.

"ಬಿಡೇ ಅದನ್ನ. ನಾಟ್ ಎ ಬಿಲ್ ಅಂತ ಬರೆದಿದೆಯಲ್ಲ."

"ಬಿಲ್ ಆಮೇಲೆ ಬರುತ್ತೆ ರೀ. ಇದರ ಮೇಲೇ ಬರೋದು."

"ಬಂದಾಗ ಪೇ ಮಾಡಿದ್ರಾಯ್ತು. ಇದಕ್ಕೆಲ್ಲ ಟೈಮ್ ವೇಸ್ಟ್ ಮಾಡ್ಕೋಬೇಡ."

ನನ್ನ ಟೈಮು ವೇಸ್ಟಾಗಬಾರದಂತೆ. ಇಡೀ ದಿನ ನಾನು ಏನು ಮಾಡುತ್ತೇನೆಂದು ಅವರು ಒಂದು ದಿನವೂ ಕೇಳಿದವರಲ್ಲ. ಆ ಮಾತಿಗೆ ಮೈಯೆಲ್ಲ ಉರಿಯಿತು. ಲಕೋಟೆ ಎತ್ತಿಕೊಂಡು ಓದಲು ಕೂತೆ.

ಎರಡು ವಾರದಲ್ಲಿ ಆ ಊರಿನ ಕಂದಾಯದ ಹೂರಣವೆಲ್ಲ ನನಗೆ ಗೊತ್ತಾಯಿತು. ಮನೆಗೆ ಬೆಲೆ ಕಟ್ಟುವವರು ಒಬ್ಬರು. ಆ ಬೆಲೆಯ ಪ್ರತಿ ನೂರು ಡಾಲರಿಗೆ ಇಷ್ಟು ತೆರಿಗೆ ಅಂತ ದರ ಗೊತ್ತುಮಾಡುವವರು ಇನ್ನೊಬ್ಬರು. ದರ ಸರಿಯಿಲ್ಲ ಅನ್ನಿಸಿದರೆ ಓಟು ಹಾಕಿ ಅವರನ್ನು ಇಳಿಸಬೇಕು, ನಮಗೆ ಓಟಿಲ್ಲ. ನಮಗೆ ಮಕ್ಕಳಿಲ್ಲದಿದ್ದರೂ ಆ ತೆರಿಗೆಯಲ್ಲಿ ಬಹುಪಾಲು ಸ್ಕೂಲುಗಳಿಗೆ. ಕಸ ಎತ್ತುವುದಕ್ಕೆ ಬೇರೆ ದುಡ್ಡು, ಮನೆ ಮುಂದಿನ ಹುಲ್ಲು ಕತ್ತರಿಸುವುದಕ್ಕೆ ನಿವಾಸಿಗಳ ಅಸೋಸಿಯೇಷನ್ನಿಗೆ ಬೇರೆ ದುಡ್ಡು, ಇಟ್ಟುಕೊಂಡ ಹಳೇ ಕಾರಿಗೂ ವರ್ಷಾ ವರ್ಷ ಕಂದಾಯ. ನಾವು ತಕರಾರು ಎತ್ತಬಹುದಾದದ್ದು ಬೆಲೆಯೊಂದರ ಬಗ್ಗೆ. ಅದಕ್ಕೂ ಒಂದು ಕ್ರಮವಿತ್ತು. ನಮ್ಮಂಥದೇ ಇನ್ನೊಂದು ಮನೆಗೆ ಕಮ್ಮಿ ಬೆಲೆ ಕಟ್ಟಿದ್ದಾರೆ ಅಂತ ತೋರಿಸಬೇಕು.

ಕೌಂಟಿ ಆಫೀಸಿಗೆ ಹೋದೆ. ಆಂಟಿ ಕಲಿಸಿದ ಡ್ರೈವಿಂಗು, ಒಬ್ಬಳೇ ಹೋದ ಮೊದಲ ದೂರದ ದಾರಿ ಅದು. ಕೌಂಟರಿನಲ್ಲಿ ಯಾರ ಮನೆಯ ವಿವರ ಕೇಳಿದರೂ ತೋರಿಸುತ್ತಾರೆ. ಮೈಸೂರಿನಲ್ಲಾಗಿದ್ದರೆ ಅಪ್ಪನ ಕಚೇರಿಯ ರಿಜಿಸ್ಟರು ಮುಟ್ಟಲು ಹತ್ತು ಸಲ ತಿರುಗಬೇಕಿತ್ತು. ಇಲ್ಲಿ ಕೌಂಟರಿನ ಹೆಂಗಸು ನಗುತ್ತಲೇ ನಮ್ಮ ಸಾಲಿನ ಅಷ್ಟೂ ಮನೆಗಳ ವಿವರ ತೆಗೆದು ಮುಂದಿಟ್ಟಳು.

ಆಂಟಿಯ ಮನೆಯ ಬೆಲೆ ನಮ್ಮದಕ್ಕಿಂತ ಕಮ್ಮಿ ಇತ್ತು. ಬೇಸ್‌ಮೆಂಟ್ ಎಂಬಲ್ಲಿ, ಕೆಲಸ ಪೂರ್ತಿಯಾಗಿಲ್ಲ, ಬರೀ ಸಿಮೆಂಟ್ ನೆಲ ಅಂತ ಬರೆದಿತ್ತು. ನಮ್ಮ ಬೇಸ್‌ಮೆಂಟು ನಿಜವಾಗಿ ಬರೀ ಸಿಮೆಂಟ್ ನೆಲ. ಅವರದರಲ್ಲಿ ಮಲಗುವ ಕೋಣೆ, ಬಚ್ಚಲು, ಅಡುಗೆಮನೆ. ನನ್ನ ಹೊಟ್ಟೆ ಉರಿಯಿತು. ಮೂರು ವಾರ ಅನ್ನ ಹಾಕಿದವರ ಮೇಲೆ ಹೊಟ್ಟೆ ಉರಿಯುತ್ತದೆಯೇ ಅಂದರೆ, ಉರಿಯುತ್ತದೆ. ಅನ್ನ ಹಾಕಿದವರ ಮೇಲೇ ಬೇಗ ಉರಿಯುತ್ತದೆ. ಅವರ ಸೋಫಾ, ಅವರ ದೊಡ್ಡ ಟಿವಿ, ಪ್ರತಿ ಹಬ್ಬಕ್ಕೂ "ನಿಮಗೆ ಇನ್ನೂ ಗೊತ್ತಾಗಲ್ಲ" ಅಂತ ಶುರುವಾಗುವ ಆಂಟಿಯ ಉಪದೇಶ, ಎಲ್ಲವೂ ಒಟ್ಟಿಗೆ ನೆನಪಾಯಿತು.

ಮನೆಗೆ ಬಂದು ಅರ್ಜಿ ಬರೆದೆ. ನನ್ನ ಕೈಬರಹ ಚೆಂದ, ಅಪ್ಪನೇ ತಿದ್ದಿಸಿದ್ದು. ನಮ್ಮ ಮನೆಗಿಂತ ಹೆಚ್ಚು ಅನುಕೂಲವಿರುವ, ಬೇಸ್‌ಮೆಂಟಿನಲ್ಲಿ ಪೂರ್ತಿ ಎರಡನೇ ಅಡುಗೆಮನೆಯಿರುವ ಇಂಥ ನಂಬರಿನ ಮನೆಗೆ ನಮಗಿಂತ ಕಮ್ಮಿ ಬೆಲೆ ಕಟ್ಟಲಾಗಿದೆ, ಆದ್ದರಿಂದ ನಮ್ಮದನ್ನು ಇಳಿಸಬೇಕು ಅಂತ. ಕೆಳಗೆ ದೊಡ್ಡದಾಗಿ ಸಹಿ ಹಾಕಿದೆ. ಮೂಗರ್ಜಿ ಬರೆಯುವವರಿಗೆ ನಾಚಿಕೆಯಾದರೂ ಇರುತ್ತದೆ, ಹೆಸರು ಮುಚ್ಚಿಡುತ್ತಾರೆ.

ವಿಚಾರಣೆಯ ದಿನ ಗಂಡನಿಗೆ ರಜ ಸಿಗಲಿಲ್ಲ. ಒಳ್ಳೆಯ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಮೇಜಿನ ಆಚೆ ಮೂವರು ಕೂತಿದ್ದರು. ಬಹಳ ಅಚ್ಚುಕಟ್ಟಾಗಿ ಬರೆದಿದ್ದೀರಿ ಅಂದರು. ಎರಡು ವರ್ಷದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಅವರಲ್ಲೊಬ್ಬರು ಕನ್ನಡಕ ಸರಿಮಾಡಿಕೊಳ್ಳುತ್ತ, ಈ ಎರಡನೇ ಅಡುಗೆಮನೆಯನ್ನು ನೀವೇ ನೋಡಿದ್ದೀರಾ ಎಂದು ಕೇಳಿದರು. ಅಷ್ಟು ಹೊತ್ತಿಗಾದರೂ ಅಪ್ಪನ ದನಿ ಕಿವಿಗೆ ಬೀಳಬೇಕಿತ್ತು. ಬಿತ್ತು ಕೂಡ. ಆದರೂ ನಾನು, "ನೋಡಿದ್ದೇನೆ ಏನು, ಅಲ್ಲೇ ಊಟ ಮಾಡಿದ್ದೇನೆ," ಅಂದೆ. ಅವರು ಬರೆದುಕೊಂಡರು.

ನಮ್ಮ ಬೆಲೆ ಸ್ವಲ್ಪ ಇಳಿಯಿತು. ವರ್ಷಕ್ಕೆ ಉಳಿದ ದುಡ್ಡಿನಲ್ಲಿ ಒಂದು ಒಲೆ ಕೂಡ ಬರುತ್ತಿರಲಿಲ್ಲ. ಗಂಡ "ಪರವಾಗಿಲ್ವೇ," ಅಂತ ಬೆನ್ನು ತಟ್ಟಿದರು.

ಆಂಟಿಯ ಮನೆಗೆ ಮೊದಲು ಬೆಲೆ ಕಟ್ಟುವವರು ಬಂದರು, ಆಮೇಲೆ ಕಟ್ಟಡದ ನಿಯಮ ನೋಡುವವರು ಬಂದರು. ಬಂದವನು ಮರ್ಯಾದಸ್ಥ, ಬೂಟು ಬಿಚ್ಚಿಯೇ ಒಳಗೆ ಬಂದನಂತೆ. ಒಂದು ಕುಟುಂಬದ ಮನೆಯಲ್ಲಿ ಎರಡನೇ ಅಡುಗೆಮನೆಯಿದ್ದರೆ ಅದು ಎರಡನೇ ಮನೆಯಾಗುತ್ತದೆ, ಹಾಗೆ ಮಾಡುವಂತಿಲ್ಲ. ಕೋಣೆ ಇರಲಿ, ಸಿಂಕು ಇರಲಿ, ಒಲೆ ತೆಗೆಯಬೇಕು, ಅದರ ವೈರನ್ನು ಗೋಡೆಯೊಳಗೆ ಮುಚ್ಚಬೇಕು ಅಂದನಂತೆ. ಅಂಕಲ್ ಆ ಒಲೆಯನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿಸಿ ರಸ್ತೆಯ ಅಂಚಿಗಿಟ್ಟರು. ಮೂರು ದಿನ ಅದು ಅಲ್ಲೇ ಇತ್ತು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ.

ಯಾರು ಹೇಳಿದರೆಂದು ಹುಡುಕುವುದು ಕಷ್ಟವೇನಿರಲಿಲ್ಲ. ನನಗೆ ಅವರ ವಿವರ ತೋರಿಸಿದ ಕೌಂಟರಿಗೇ ಅಂಕಲ್ ಹೋಗಿ ಕೇಳಿದರು. ನನ್ನ ಅರ್ಜಿಯ ನಕಲನ್ನು ಅವರಿಗೆ ಕೊಟ್ಟರು. ಆ ಸಂಜೆ ಆಂಟಿ ನಮ್ಮ ಬಾಗಿಲು ತಟ್ಟಿ, ಒಳಗೆ ಬರದೆ, ಆ ಕಾಗದವನ್ನು ನನ್ನ ಕೈಗೆ ಕೊಟ್ಟರು.

"ನೀನು ಬಂದು ನನ್ನನ್ನ ಕೇಳಿದ್ರೆ, ನಿಮ್ಮ ಟ್ಯಾಕ್ಸ್ ನಾವೇ ಕಟ್ತಿದ್ವಿ," ಅಂದರು. ನಾನು, "ನನಗೆ ಗೊತ್ತಿರಲಿಲ್ಲ ಆಂಟಿ," ಅಂದೆ. ಅವರು ಮೆಟ್ಟಿಲಿಳಿದು ಮನೆಗೆ ಹೋದರು.

ಅಜ್ಜಿ ಮತ್ತೆ ಹಾಲು, ಬಾಳೆಹಣ್ಣು, ಅವಲಕ್ಕಿಗೆ ಬಂದರು. ಅದು ನನಗೆ ಬೇರೆಯವರಿಂದ ತಿಳಿಯಿತು. ಆ ಮನೆಯ ಕಡೆ ಹೋಗುವ ಮುಖ ನನಗಿರಲಿಲ್ಲ. ತಿಂಗಳಾಗಿರಬೇಕು, ಕಸದ ಚೀಲ ಇಡಲೆಂದು ಹಿಂದಿನ ಬಾಗಿಲಿಂದ ಹೊರಗೆ ಬಂದಿದ್ದೆ. ಅಜ್ಜಿ ತಮ್ಮ ಬೇಸ್‌ಮೆಂಟಿನ ಹಿತ್ತಲ ಬಾಗಿಲಲ್ಲಿ ನಿಂತು ಕೈಬೀಸಿ ಕರೆದರು. ಹೋಗದಿರಲು ಆಗಲಿಲ್ಲ.

"ಏನೇ, ಎಷ್ಟು ದಿನ ಆಯ್ತು ಮುಖ ತೋರಿಸಿ. ಹುಷಾರಿರಲಿಲ್ವಾ?"

ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಈ ದೇಶದ ಕಾನೂನು ಹೀಗೆ ಅಂತ ಮಗ ಹೇಳಿದ್ದರು, ಅಷ್ಟೇ. ಒಲೆಯಿದ್ದ ಜಾಗದಲ್ಲಿ ಗೋಡೆಗೆ ಹೊಸ ಬಣ್ಣ ಹಚ್ಚಿದ್ದರು, ಅದರ ಮುಂದೆ ಅವರ ಕಬ್ಬಿಣದ ಪೆಟ್ಟಿಗೆ ತೆರೆದಿತ್ತು, ಅರ್ಧ ತುಂಬಿತ್ತು. ಅಜ್ಜಿಯ ಕೈ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

"ಕಾಫಿ ಕೊಡೋಣ ಅಂದ್ರೆ ಒಲೆ ಇಲ್ಲ ನೋಡು. ಮಜ್ಜಿಗೆ ಕುಡಿ," ಅಂತ ಒಂದು ಲೋಟ ಕೊಟ್ಟರು. ಆಮೇಲೆ ನನ್ನ ಹತ್ತಿರಕ್ಕೇ ಬಂದು ಕೂತರು, ಮಡಿಯ ಯೋಚನೆಯಿಲ್ಲದೆ.

"ಭಾನುವಾರಕ್ಕೆ ಅಟ್ಲಾಂಟಾಕ್ಕೆ ಟಿಕೆಟ್ ಮಾಡಿದಾನೆ ಮಗ. ಇನ್ಮೇಲೆ ಅಲ್ಲೇ ಅಂತೆ. ನಾನು ಯಾರ ಹತ್ತಿರಾನೂ ಏನೂ ಕೇಳಿದೋಳಲ್ಲ, ನಿನ್ನ ಹತ್ತಿರ ಕೇಳ್ತೀನಿ. ನಿಮ್ಮಪ್ಪ ಕಂದಾಯದ ಕಚೇರೀಲಿದ್ದೋರು. ಆಫೀಸಿನೋರಿಗೆ ಹೇಗೆ ಬರೀಬೇಕು ಅಂತ ನಿನಗೆ ಗೊತ್ತು. ನನಗೋಸ್ಕರ ಒಂದು ಅರ್ಜಿ ಬರೆದುಕೊಡು. ಮುದುಕಿ ಒಬ್ಬಳು, ಒಂದು ಹೊತ್ತು ಬೇಯಿಸಿಕೊಳ್ಳೋಕೆ ಒಂದು ಒಲೆ ಇಟ್ಕೋತಾಳೆ, ಅಷ್ಟೇ ಅಂತ ಬರಿ. ಅವರಿಗೂ ಅಮ್ಮ ಇರ್ತಾಳಲ್ವಾ."

ಮೆಟ್ಟಿಲ ಮೇಲೆ ಸದ್ದಾಯಿತು. ಆಂಟಿ ಅರ್ಧ ಇಳಿದು ನಿಂತಿದ್ದರು. ಎಷ್ಟು ಹೊತ್ತಿಂದ ನಿಂತಿದ್ದರೋ.

"ಬೇಡಿ ಅತ್ತೆ," ಅಂದರು. "ಅವಳು ಆಗಲೇ ಬರೆದಿದಾಳೆ."

ಅಜ್ಜಿಯ ಮುಖ ಅರಳಿತು. "ಬರೆದ್ಯಾ? ನಾನು ಕೇಳೋಕೆ ಮುಂಚೇನೇ?" ಅಂತ ನನ್ನ ಕೆನ್ನೆ ಮುಟ್ಟಿದರು. "ನಿನ್ನ ಹೊಟ್ಟೆ ತಣ್ಣಗಿರಲಿ ಕಣೆ. ಕುಡಿ, ಕುಡಿ, ಲೋಟ ಹಾಗೇ ಹಿಡ್ಕೊಂಡಿದೀಯಲ್ಲ."

ಆಂಟಿ ಮೆಟ್ಟಿಲಿನಿಂದ ಕದಲಲಿಲ್ಲ. ಇಬ್ಬರೂ ನೋಡುತ್ತಿದ್ದರು. ನಾನು ಆ ಮಜ್ಜಿಗೆಯನ್ನು ಕೊನೆಯ ಗುಟುಕಿನವರೆಗೆ ಕುಡಿದೆ.