ಯಜಮಾನರು ಹೊಗಳಿದ ಕಾಫಿ

ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಬಿಸಿ ತಾಗುತ್ತಿರಲಿಲ್ಲ. ಇಕ್ಕಳವಿಲ್ಲದೆ ಹಾಲಿನ ಪಾತ್ರೆ ಇಳಿಸಿ ಇಳಿಸಿ ಆ ಬೆರಳ ತುದಿಗಳು ಹುಣಸೆ ಬೀಜದಂತೆ ನಯವಾಗಿ ಗಡುಸಾಗಿದ್ದವು. ಟೀ ಅಂಗಡಿಯ ಗಾಜಿನ ಲೋಟವನ್ನು ನಾನು ದುಪಟ್ಟಾದಲ್ಲಿ ಸುತ್ತಿ ಹಿಡಿದು ಊದುತ್ತಿದ್ದರೆ, ಅವರು ಬರಿಗೈಯಲ್ಲೇ ಹಿಡಿದು ಅರ್ಧ ಮುಗಿಸಿರುತ್ತಿದ್ದರು.

ತಾಂಬರಂನಲ್ಲಿ ನನಗೆ ಮಹಡಿಯ ಎರಡು ಕೋಣೆ ಬಾಡಿಗೆಗೆ ಕೊಟ್ಟ ಮನೆಯೊಡತಿ ಅವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಗಿಡ್ಡ ದೇಹ, ಅವಸರದ ನಡಿಗೆ. ಹರಪನಹಳ್ಳಿ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷ ದಾಟಿತ್ತು. ಬಟ್ಟೆ ವ್ಯಾಪಾರ ಮಾಡುತ್ತಿದ್ದ ಯಜಮಾನರು ನಾನು ಬರುವ ಹಿಂದಿನ ವರ್ಷ ತೀರಿಕೊಂಡಿದ್ದರು. ಜೊತೆಗಿದ್ದ ಮಗನಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಹಾಗಾಗಿ ಮಂಡ್ಯದಿಂದ ಬಂದು ಪೆರುಂಗುಡಿಯ ಆಫೀಸಿಗೆ ಓಡಾಡುತ್ತಿದ್ದ ನಾನೇ ಅವರ ಕನ್ನಡಕ್ಕೆ ಸಿಕ್ಕವಳು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಫೋನು ನೋಡುತ್ತ ಕುಡಿದು, ಲೋಟ ತೊಳೆದು ಕೊಡುತ್ತಿದ್ದೆ.

ಒಂದು ದಿನ ಕೇಳಿದರು, "ಸಂಜೀಮುಂದ ಚಾ ಎಲ್ಲಿ ಕುಡೀತಿ ನೀ?"

"ಸ್ಟೇಷನ್ ಹತ್ರ, ಅಂಗಡೀಲಿ. ಆಫೀಸಿನವರ ಜೊತೆ."

"ನಿಂತಗೊಂಡಾ? ಗಂಡಸರ ನಡುವ?"

ಹೂಂ ಅಂದೆ. ಬೈಯುತ್ತಾರೆಂದುಕೊಂಡೆ. ಅವರು ಲೋಟ ಹಿಡಿದು ಇಳಿದು ಹೋದರು. ಶನಿವಾರ ಬೆಳಿಗ್ಗೆ ಮಾತ್ರ ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿಕೊಂಡೇ ಬಾಗಿಲಲ್ಲಿ ನಿಂತಿದ್ದರು. "ನಡಿ, ನನಗೂ ತೋರಸು."

ಅಷ್ಟು ವರ್ಷ ಮದ್ರಾಸಿನಲ್ಲಿದ್ದೂ ಅವರು ಹೊರಗೆ ಒಂದು ಗುಟುಕು ಕುಡಿದವರಲ್ಲ. ಯಜಮಾನರು ಊರೆಲ್ಲ ಸುತ್ತಿ ಕುಡಿದು ಬಂದು, ಯಾವ ಅಂಗಡಿಯ ಡಿಕಾಕ್ಷನ್ ಹೇಗೆ, ಎಲ್ಲಿ ಶುಂಠಿ ಜಾಸ್ತಿ ಎಂದು ವರ್ಣಿಸುತ್ತಿದ್ದರಂತೆ. ಇವರು ರೊಟ್ಟಿ ತಟ್ಟುತ್ತ ಕೇಳುತ್ತಿದ್ದರಂತೆ.

ಮೊದಲ ಅಂಗಡಿಯಲ್ಲಿ ಟೀ ಮಾಸ್ಟರ್ ಅವರಿಗಾಗಿ ಸ್ಟೂಲು ಎಳೆದ. "ವೇಂಡಾಂಪ್ಪಾ, ನಿನ್ನುಕ್ಕಿಟ್ಟೇ ಕುಡಿಕ್ಕಿರೇನ್" ಎಂದು ಅವರು ಸ್ಟೂಲು ಸರಿಸಿ ನಿಂತೇ ಕುಡಿದರು. ಆಮೇಲೆ ಪ್ರತಿ ಶನಿವಾರ ಎಲೆಕ್ಟ್ರಿಕ್ ಟ್ರೇನು ಹತ್ತುವುದು, ಎಲ್ಲೋ ಇಳಿಯುವುದು. ಮಾಂಬಲದಲ್ಲಿ, ಮೈಲಾಪುರದ ಕಲ್ಯಾಣಿಯ ಸುತ್ತ, ಕೋಡಂಬಾಕ್ಕಂನ ಓಣಿಗಳಲ್ಲಿ. ಸಕ್ಕರೆ ಕಾಯಿಲೆ ಇದ್ದುದರಿಂದ ಸಕ್ಕರೆ ಹಾಕಿಸುತ್ತಿರಲಿಲ್ಲ. ಒಮ್ಮೆ ಮೌಂಟ್ ರೋಡಿನ ಹಳೇ ಚಹಾದಂಗಡಿಯಲ್ಲಿ ಪಕ್ಕದ ಮೇಜಿಗೆ ಸಮೋಸ ಬಂತು, ಕೈಮಾದ ವಾಸನೆ. ಎದ್ದು ಬಿಡೋಣವೇ ಎಂದು ನಾನು ಚಡಪಡಿಸಿದೆ. "ಕೂಡು. ಅವರ ಪಾಡಿಗೆ ಅವರು ತಿಂತಾರ, ನಮ್ಮ ಪಾಡಿಗೆ ನಾವು ಕುಡಿಯೂಣು" ಅಂದರು.

ಮೂರು ತಿಂಗಳಿಗೆ ವಿಷಯ ಮಗನ ಕಿವಿಗೆ ಬಿತ್ತು. ಮಗ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ತಮ್ಮ ತಮಿಳಿಗೆ ನನಗಾಗಿ ಅಷ್ಟಿಷ್ಟು ಕನ್ನಡ ಬೆರೆಸಿ ಹೇಳಿದರು. "ಅಮ್ಮಾವುಕ್ಕು ಶುಗರ್ ಇರುಕ್ಕು. ಏನಾದ್ರೂ ಆಚ್ಚುನಾ ಯಾರು ನೋಡ್ತಾರೆ? ಬಾಡಿಗೆಗೆ ಇದೀರ, ಬಾಡಿಗೆಗೆ ಇರಿ. ಅದು ಪೋದುಂ, ಸಾಕು."

ಆ ಶನಿವಾರ ಆಫೀಸಿನ ಕೆಲಸವಿದೆ ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ. ಮನೆ ಬಿಡಿಸಿದರೆ ಎಲ್ಲಿಗೆ ಹೋಗಲಿ ಎಂಬ ಹೆದರಿಕೆ. ಕಿಟಕಿಯಿಂದ ನೋಡುತ್ತೇನೆ, ಅವರು ಕೈಚೀಲ ಹಿಡಿದು ಒಬ್ಬರೇ ಸ್ಟೇಷನ್ ಕಡೆ ಹೊರಟಿದ್ದರು. ಮಧ್ಯಾಹ್ನ ಕೆಳಗಿನಿಂದ ಮಗನ ದನಿ ಏರಿದ್ದು ಕೇಳಿಸಿತು. ಅಪ್ಪ ಇದ್ದಿದ್ದರೆ ಬಿಡುತ್ತಿದ್ದರೇ ಎಂದು ತಮಿಳಿನಲ್ಲಿ ಕೇಳುತ್ತಿದ್ದರು. ತಾಯಿಯ ಉತ್ತರ ಮೆಲ್ಲಗಿತ್ತು, ಕನ್ನಡದಲ್ಲಿ: "ನಿಮ್ಮಪ್ಪ ಹೊರಗ ಕುಡದು ಬಂದು ನನಗ ರುಚಿ ಹೇಳ್ತಿದ್ರು. ಕೇಳಿದ್ರ ಬಾಯಿಗೆ ರುಚಿ ಹತ್ತೂದಿಲ್ಲಪ್ಪ."

ಸಂಜೆ ನನ್ನಲ್ಲಿಗೆ ಬಂದರು. ಆಕ್ಷೇಪಿಸಲಿಲ್ಲ. "ಅಡಯಾರಿಗೆ ಹೋಗಿದ್ದೆ. ಬಸ್ಸು ತಪ್ಪಿ ಹತ್ತಿದೆ, ಆಮ್ಯಾಲ ಸರಿ ಆತು" ಅಂದರಷ್ಟೇ. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಮುಂದಿನ ವಾರ ಅವರಿಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದೆ. ಮಗ ನೋಡಿ ಒಳಗೆ ಹೋದರು.

ಯಜಮಾನರು ಎಲ್ಲಕ್ಕಿಂತ ಹೆಚ್ಚು ಹೊಗಳುತ್ತಿದ್ದುದು ತಿರುವಲ್ಲಿಕೇಣಿಯ ಒಂದು ಕಾಫಿ ಹೋಟೆಲನ್ನು. ಅದನ್ನು ಇವರು ಬೇಕೆಂದೇ ಉಳಿಸಿಕೊಂಡು ಬಂದಿದ್ದರು. ಕೊನೆಗೂ ಅಲ್ಲಿಗೆ ಹೋದ ದಿನ ಹೊಸ ಸೀರೆ ಉಟ್ಟಿದ್ದರು. ಕಾಫಿ ಬಂತು. ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡರು. ಇನ್ನೊಂದು ಕುಡಿದರು. ಲೋಟ ಕೆಳಗಿಟ್ಟರು.

"ಹೇಗಿದೆ ಅಮ್ಮ?"

"ಚೊಲೋ ಐತಿ." ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ಆದ್ರ ನಂದು ಇದಕ್ಕಿಂತ ಚೊಲೋ ಐತಿ. ಇದನ್ನ ಕುಡದು ಮನಿಗೆ ಬಂದು ನಂದೂ ಕುಡೀತಿದ್ರು. ಒಂದ ದಿನಾನೂ ಹೇಳಲಿಲ್ಲ ನೋಡು."

ವಾಪಸು ಬರುವಾಗ ಸೈದಾಪೇಟೆ, ಗಿಂಡಿ, ಪಲ್ಲಾವರಂ ದಾಟಿದವು. ಪಕ್ಕದಲ್ಲಿ ಕೂತ ನನಗೆ ಆಗ ಹೊಳೆಯಿತು. ವರ್ಷವಿಡೀ ದಿನಾ ಕುಡಿದವಳು ನಾನೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಮೆಟ್ಟಿಲು ಹತ್ತುವ ಮೊದಲೇ ಇಳಿದು ಅಡುಗೆಮನೆಗೆ ಹೋದೆ. ಅಲ್ಲೇ ನಿಂತು ಕುಡಿದು, "ಅಮ್ಮ, ನಿಮ್ಮಷ್ಟು ಒಳ್ಳೇ ಕಾಫಿ ನಾನು ಎಲ್ಲೂ ಕುಡಿದಿಲ್ಲ" ಅಂದೆ.

"ಹೇಳಿಕೊಟ್ಟ ಮ್ಯಾಲ ಹೇಳಿದ್ರ ಏನು ಬಂತು" ಎಂದು ನಕ್ಕರು. ಆದರೂ ಇನ್ನರ್ಧ ಲೋಟ ಬಗ್ಗಿಸಿದರು.

ಆ ಮಾರ್ಗಳಿಯಲ್ಲಿ, ನಮ್ಮ ಧನುರ್ಮಾಸದಲ್ಲಿ, ಒಂದು ಮಧ್ಯಾಹ್ನ ಊಟವಾಗಿ ಮಲಗಿದವರು ಏಳಲಿಲ್ಲ. ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದರು. ಗುಂಡಿಯ ಅಂಚಿನಲ್ಲಿ ಮಗ ನನ್ನ ಪಕ್ಕಕ್ಕೆ ಬಂದು, "ಅಮ್ಮ ಖುಷಿಯಾಗಿ ಇದ್ದರಾ, ಶನಿವಾರ ಹೋದಾಗ?" ಎಂದು ಕೇಳಿದರು. ಅವರ ಬಾಯಲ್ಲಿ ತಮಿಳು ಬೆರೆಸದ ಕನ್ನಡ ಕೇಳಿದ್ದು ಅದೇ ಮೊದಲು. ಹೌದು ಅಂದೆ.

ಅದುವರೆಗೂ ನಾನು ಹೋಟೆಲಿನಲ್ಲಿ ಒಬ್ಬಳೇ ಕೂತವಳಲ್ಲ. ಜೊತೆ ಸಿಗದಿದ್ದರೆ ಹಸಿದುಕೊಂಡೇ ಮನೆಗೆ ಬರುತ್ತಿದ್ದೆ. ಅವರು ಹೋದ ಮುಂದಿನ ಶನಿವಾರ ಮಾಂಬಲದಲ್ಲಿ ಇಳಿದು ಒಂದು ಹೋಟೆಲಿಗೆ ಹೋದೆ. ಮಾಣಿ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿ, ಎಷ್ಟು ಜನ ಎಂದು ಕೇಳಿದ.

ಒಬ್ಬಳೇ ಅಂದೆ, ಹೋಗಿ ಕೂತೆ.