ವಾರಗಿತ್ತಿಯ ಮುರಬ್ಬ

ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಶಿರಾದಿಂದ ಮಧುಗಿರಿಯ ನಮ್ಮ ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅದುವರೆಗೆ ಒಂಬತ್ತು ವರ್ಷ ಆ ಮನೆಯ ಜಾಡಿಗಳೆಲ್ಲ ನನ್ನ ಕೈಯಲ್ಲಿದ್ದವು. ಮಾವಿನಕಾಯಿ ಹೆಚ್ಚಿ, ಉಪ್ಪು ಬೆರೆಸಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದವಳು ನಾನು. ಮಕ್ಕಳಿಲ್ಲದ ನನಗೆ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಯುಗಾದಿಗೆ ತವರಿಗೆ ಹೋಗಿದ್ದವಳು ಮಾವು ಬಲಿಯುವ ಹೊತ್ತಿಗೆ ಬಂದಳು. ಬಂದವಳೇ ಕಾಯಿಯನ್ನು ಪಾಕದಲ್ಲಿ ಬೇಯಿಸಿ, ಏಲಕ್ಕಿ ಹಾಕಿ ಜಾಡಿ ತುಂಬಿಸಿದಳು. ಯುದ್ಧದ ಕಾಲ, ಸಕ್ಕರೆ ಸಿಗುತ್ತಿರಲಿಲ್ಲ, ಬೆಲ್ಲದಲ್ಲೇ ಮಾಡಿದಳು. ಅವಳ ಊರಿನ ಸಾಬರ ಮನೆಯಲ್ಲಿ ಕಲಿತದ್ದಂತೆ, ಹೆಸರು ಮುರಬ್ಬ. ಅತ್ತೆ ಬೆರಳು ಚೀಪಿಕೊಂಡು, "ಏನ್ ಕೈರುಚಿ ಕಣಮ್ಮ ನಿಂದು. ಇನ್ಮೇಲೆ ಜಾಡಿ ಕೆಲ್ಸ ನೀನೇ ನೋಡ್ಕಂಬುಡು" ಅಂದರು. ನಾನು ಅಲ್ಲೇ ಒಲೆ ಊದುತ್ತಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಮನೆಯವರೆಲ್ಲ ಹೊಲಕ್ಕೆ ಹೋದಾಗ, ಆ ಜಾಡಿಯ ಬಟ್ಟೆ ಬಿಚ್ಚಿ ಒಂದು ಸೌಟು ಹಸಿನೀರು ಸುರಿದು, ಕಲಕಿ, ಮತ್ತೆ ಕಟ್ಟಿಟ್ಟೆ. ಪಶ್ಚಾತ್ತಾಪವೇ? ಸುಳ್ಳು ಯಾಕೆ ಹೇಳಲಿ, ಆವತ್ತು ನನಗೆ ಅರ್ಧ ಮುದ್ದೆ ಹೆಚ್ಚೇ ಸೇರಿತು.

ತಿಂಗಳು ತುಂಬುವಷ್ಟರಲ್ಲಿ ಮುರಬ್ಬದ ಮೇಲೆ ಬೂಷ್ಟು ಬಂತು. ನಮ್ಮಲ್ಲಿ ಜಾಡಿ ಕೆಟ್ಟರೆ ಯಾರೂ ನೀರಿನ ಮೇಲೆ ಅನುಮಾನ ಪಡುವುದಿಲ್ಲ. ತಿಂಗಳ ಮೂರು ದಿನ ಹೊರಗೆ ಕೂರಬೇಕಾದವಳು ಕೂರದೆ ಕೈ ಇಟ್ಟಿದ್ದಾಳೆ ಅನ್ನುತ್ತಾರೆ. ಅತ್ತೆ ಅವಳನ್ನು ನಡುಮನೆಯಲ್ಲಿ ನಿಲ್ಲಿಸಿಕೊಂಡರು.

"ತವರಿಂದ ಬಂದ್ಮೇಲೆ ಒಂದ್ ದಪನೂ ಹೊರಗೆ ಕುಂತಿಲ್ಲ ನೀನು. ಮುಚ್ಚಿಟ್ಕಂಡು ಜಾಡಿ ಮುಟ್ಟಿದ್ಯೇನೆ? ನಿಜ ಹೇಳ್ಬುಡು."

ಅವಳ ಕಣ್ಣು ತುಂಬಿತು. ನಾನು ಕಂಬಕ್ಕೆ ಒರಗಿ, ಬೈಗುಳ ಇನ್ನೂ ಬೀಳಲಿ ಅಂತ ಕಾಯುತ್ತಿದ್ದೆ.

"ಇಲ್ಲ ಅತ್ತೆ" ಅಂದಳು ತಲೆ ತಗ್ಗಿಸಿ. "ಹೊರಗಾಗೇ ಇಲ್ಲ. ಎರಡು ತಿಂಗಳಾಯ್ತು."

ಅತ್ತೆಯ ಮುಖ ಅರಳಿಹೋಯಿತು. ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ಕೆಟ್ಟ ಜಾಡಿಯನ್ನು ಕಾಲಿಂದ ಪಕ್ಕಕ್ಕೆ ಸರಿಸಿ, "ಏನ್ ತಿನ್ಬೇಕು ಅನ್ನುಸ್ತದೆ, ಹೇಳು ಮಗ" ಅಂದರು.

"ಅಕ್ಕ ಹಾಕಿರೋ ಉಪ್ಪಿನಕಾಯಿ."

"ಕೇಳುಸ್ತಾ ನಿಂಗೆ?" ಅತ್ತೆ ಈಗ ನನ್ನ ಕಡೆ ತಿರುಗಿದರು. "ಜಾಡಿ ಕೆಲ್ಸ ನೀನೇ ಇಟ್ಕ. ಇವ್ಳು ಇನ್ಮೇಲೆ ಭಾರ ಎತ್ತಂಗಿಲ್ಲ."

ಒಳಗೆ ಹೋಗಿ, ಒಣಗಿದ ಸೌಟಿನಿಂದ ನಾಲ್ಕು ಹೋಳು ತೆಗೆದು ತಂದು ಅವಳ ಕೈಗೆ ಹಾಕಿದೆ. ಅವಳು ಕಣ್ಣು ಮುಚ್ಚಿ ಚಪ್ಪರಿಸಿ, "ನಿಮ್ ಕೈ ರುಚಿ ನಂಗೆಲ್ಲಿ ಬರ್ಬೇಕಕ್ಕ" ಅಂದಳು. ನನಗೆ ಆ ಜಾಡಿಗಳಲ್ಲಿ ಒಂದೂ ಬೇಡವಾಗಿತ್ತು. ಅವಳ ಹೊಟ್ಟೆಯಲ್ಲಿದ್ದದ್ದು ಬೇಕಾಗಿತ್ತು.